ಎರಡನೆಯ ಕೀಲಿ

ನಾಲಿಗೆ ಸೀಳಿಬಿಡ್ತೀನಿ ಲೇ, ಇನ್ನೊಂದು ಸಲ ಅನ್ನು, ಅನ್ನು ನೋಡೋಣ — ಕೂಗುತ್ತಿರುವುದು ತಾನೇ, ಮುಷ್ಟಿಯಲ್ಲಿರುವುದು ಬಸ್ ಡ್ರೈವರನ ಕಾಲರು, ಅದರ ಗುಂಡಿ ಕಿತ್ತು ಹಾರಿ ಶಾಲೆಯ ಪ್ರಯೋಗಾಲಯದ ಸಿಂಕಿನೊಳಗೆ ಟಣ್ಣೆಂದು ಬಿತ್ತು, ಬಿಳಿ ಗುಂಡಿ, ನಾಲ್ಕು ತೂತಿನದು, ಇಂಥವು ಹೆಂಡತಿಯ ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ ಡಬ್ಬಿ ತುಂಬ ಇವೆ, ಅವಳು ಅಲ್ಲೇ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದಾಳೆ, ಕುತ್ತಿಗೆಯಲ್ಲಿ ಹಳದಿ ಪಟ್ಟಿಗೆ ಕಟ್ಟಿದ ಕೀಲಿ, ಮಕ್ಕಳ ಫುಟ್‌ಬಾಲ್ ಅಂಗಿ ಹೊಲಿದು ಉಳಿದ ಪಟ್ಟಿ. ಡ್ರೈವರನಿಗೆ ಉಸಿರು ಕಟ್ಟುತ್ತಿದೆ, ಆದರೂ ಹಲ್ಲು ಕಿರಿಯುತ್ತಾನೆ, ನಾನೇನು ತಪ್ಪಂದೆ ವೆಲ್ಡರಣ್ಣ, ಎರಡು ಕೀಲೀನೂ ಒಂದೇ ಮನೇಲಿ ಮಲಗಿದ್ರೆ ಸಂಘದ ದುಡ್ಡಿನ ಪೆಟ್ಟಿಗೆಗೆ ಬೀಗ ಯಾಕೆ ಅಂದೆ, ಅತ್ತಿಗೇನ ಒಂದು ಮಾತು ಕೇಳು ಅಂದೆ, ಅಷ್ಟೇ — ಅತ್ತಿಗೆಯಂತೆ, ಕಳ್ಳಿ ಅನ್ನುವುದನ್ನು ಅತ್ತಿಗೆ ಎಂದು ಕರೆದು ಹೇಳುತ್ತಾನೆ ನನ್ಮಗ, ಅವನನ್ನೆತ್ತಿ ಮೇಜಿಗೆ ಅಪ್ಪಳಿಸಿದ, ಗಾಜಿನ ಟ್ಯೂಬುಗಳ ಸ್ಟ್ಯಾಂಡು ಉರುಳಿ ಚೂರುಚೂರಾಯಿತು, ಡ್ರೈವರನ ಕಿವಿಯ ಹಿಂದಿನಿಂದ ರಕ್ತ ಇಳಿಯಿತು, ತೆಳ್ಳಗೆ, ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ಬಳಿಯುವ ರೆಡಾಕ್ಸೈಡಿನ ಬಣ್ಣ, ಇದೇ ಬಣ್ಣವನ್ನು ಈಚೆಗೆ ಎಲ್ಲೋ ಬಳಿದಿದ್ದೇನಲ್ಲ, ಎಲ್ಲಿ, ಹಾಳಾಗಲಿ, ಈಗ ಬೇಡ. ಅಂಚೆಯಮ್ಮ ಮಾತ್ರ ಕದಲಲಿಲ್ಲ, ಮೂವತ್ತು ವರ್ಷ ಮನಿಯಾರ್ಡರು ಹಂಚಿ ನಿವೃತ್ತಳಾದವಳು, ಪೋಷಕರ ಸಂಘದ ಲೆಕ್ಕ ನೋಡಲು ಬಂದವಳು, ಕನ್ನಡಕ ಮೇಲಕ್ಕೆ ತಳ್ಳಿ ಓದುತ್ತಲೇ ಇದ್ದಾಳೆ, ನಿಯಮ ನಾಲ್ಕು, ಪೆಟ್ಟಿಗೆಯ ಎರಡು ಕೀಲಿಗಳು ಒಂದೇ ಮನೆಯವರ ವಶದಲ್ಲಿರತಕ್ಕದ್ದಲ್ಲ, ನಿಯಮ ಐದು, ಚೀಟಿಯಿಲ್ಲದೆ ಹಣ ತೆಗೆಯತಕ್ಕದ್ದಲ್ಲ, ಕೈ ಬಿಡಪ್ಪ, ಅವನು ಸತ್ತರೆ ಅದಕ್ಕೆ ನಮ್ಮಲ್ಲಿ ನಿಯಮ ಬರೆದಿಲ್ಲ.

ನಿಯಮ, ನಿಯಮ — ಪೋಷಕರೆಲ್ಲ ಸೇರಿ ಕೇಕು ಮಾರಿ, ರದ್ದಿ ಪೇಪರು ಮಾರಿ, ಆರು ಶನಿವಾರ ಕಂಡವರ ಕಾರು ತೊಳೆದು ಕೂಡಿಸಿದ ದುಡ್ಡು, ಗೋಲಿನ ಕಂಬಕ್ಕೆಂದು, ಮರದ ಹಳೆ ಕಂಬ ಮುರಿದು ಗೋಲ್‌ಕೀಪರಾಗಿ ನಿಂತಿದ್ದ ಮಗಳ ಹೆಗಲ ಪಕ್ಕದಲ್ಲೇ ಬಿದ್ದಿತ್ತು, ಕಬ್ಬಿಣದ್ದು ನಾನೇ ಮಾಡ್ತೀನಿ ಎಂದು ಎದೆ ತಟ್ಟಿದವನು ಅವನೇ, ಪೆಟ್ಟಿಗೆ ಮಾಡಿದವನೂ ಅವನೇ, ಮೂರು ಮಿಲಿಮೀಟರಿನ ತಗಡು, ಒಳಗಿನಿಂದ ಬೆಸುಗೆ, ಎರಡು ಬೀಗ, ಸುತ್ತಿಗೆಗೂ ಜಗ್ಗದು. ಇವತ್ತು ತೆಗೆದರೆ ಹದಿನೆಂಟು ಸಾವಿರ ಕಮ್ಮಿ. ಆ ನಾಲ್ಕನೆಯ ನಿಯಮ ಓದಿದ ದಿನ ಕುರ್ಚಿ ಒದ್ದು ಎದ್ದಿದ್ದ, ಒಂದು ಕೀಲಿ ನನ್ನ ಹತ್ರ, ಎರಡನೇ ಕೀಲಿ ನನ್ನ ಹೆಂಡ್ತಿ ಹತ್ರಾನೇ ಇರ್ಲಿ, ಯಾವನಿಗೆ ಅನುಮಾನ ಇದೆಯೋ ಮುಂದೆ ಬನ್ರೋ ಎಂದಿದ್ದ, ಯಾರೂ ಬರಲಿಲ್ಲ, ಎಲ್ಲರೂ ನೆಲ ನೋಡಿದರು, ಅದನ್ನು ಅವನು ಮರ್ಯಾದೆ ಎಂದುಕೊಂಡಿದ್ದ. ಹೆಂಡತಿ ಸ್ಟೂಲಿನ ಮೇಲೇ ಕೂತಿದ್ದಾಳೆ. ಡ್ರೈವರನನ್ನೂ ನೋಡುತ್ತಿಲ್ಲ, ಅಂಚೆಯಮ್ಮನನ್ನೂ ನೋಡುತ್ತಿಲ್ಲ, ತನ್ನನ್ನೇ ನೋಡುತ್ತಿದ್ದಾಳೆ, ರೆಪ್ಪೆ ಬಡಿಯದೆ, ಏನೋ ಕೊಡುವವರನ್ನು ಕಾಯುವ ಹಾಗೆ, ಯಾಕೆ ಹಾಗೆ ನೋಡ್ತೀಯ, ತಪ್ಪು ಮಾಡಿದವರು ಹಾಗೇ ನೋಡುವುದು, ಹಾಗಾದರೆ ಇವಳೇನಾ, ತವರಿಗೇನಾದರೂ ಕಳಿಸಿದಳಾ, ಇಷ್ಟು ಜನರೆದುರು ನನ್ನ ಮುಖಕ್ಕೆ ಮಸಿ ಬಳಿದಳಾ, ಬಾಯಿ ಬಿಡೇ, ಕೀಲಿ ಯಾರಿಗೆ ಕೊಟ್ಟೆ, ಬಿಡ್ತೀಯೋ ಇಲ್ವೋ — ಕೈ ತಾನಾಗಿ ಹೋಯಿತು, ಇಲ್ಲ, ಕೈ ತಾನಾಗಿ ಹೋಗುವುದಿಲ್ಲ, ಅವನು ಹೊಡೆದ, ಇಪ್ಪತ್ತು ವರ್ಷ ಸುತ್ತಿಗೆ ಹಿಡಿದ ಕೈ, ಸ್ಟೂಲು ಮಗುಚಿತು, ಅವಳ ತಲೆ ಗೋಡೆಗೆ ಬಡಿದು ಕೀಲಿ ಹಳದಿ ಪಟ್ಟಿಯಲ್ಲಿ ಗಿರ್ರನೆ ತಿರುಗಿತು.

ಅವಳು ಗೋಡೆ ಹಿಡಿದು ಎದ್ದಳು. ತುಟಿ ಒಡೆದಿತ್ತು. ಆ ಗುರುವಾರ ಕೀಲಿ ತಗೊಂಡೋರು ನೀವೇ ಅಲ್ವೇನ್ರಿ, ಎಂದಳು, ನೀವೇ ಹೇಳ್ತೀರಿ ಅಂತ ಇಷ್ಟೊತ್ತು ಕಾಯ್ತಾ ಇದ್ದೆ. ಯಾವ ಗುರುವಾರ, ಏನು ಗುರುವಾರ, ಎನ್ನಲು ಬಾಯಿ ತೆರೆದ, ಆಗ ಹೊಳೆಯಿತು, ಗುಜರಿಯವನ ಫೋನು ಬಂತಲ್ಲ ಅವತ್ತು, ಕಾರ್ಖಾನೆ ಮುಚ್ತಾ ಇದೆ, ಪೈಪು ಅರ್ಧ ಬೆಲೆಗೆ, ಹತ್ತು ಗಂಟೆಯೊಳಗೆ ಬಂದ್ರೆ ನಿನಗೆ, ಇಲ್ದಿದ್ರೆ ಇನ್ನೊಬ್ಬನಿಗೆ, ಡ್ರಾಯರು ಎಳೆದು ಗುಂಡಿಗಳ ಮಧ್ಯದಿಂದ ಅವಳ ಕೀಲಿ ಹೆಕ್ಕಿಕೊಂಡದ್ದು, ಮನೆಯಲ್ಲೇ ಇದ್ದ ಪೆಟ್ಟಿಗೆ ತೆಗೆದದ್ದು, ಅವಳು ಮಿಷನ್ ನಿಲ್ಲಿಸಿ ಕಂದು ಕಾಗದದ ಮೇಲೆ ಬರೆದು ಹಿಡಿದದ್ದು, ಪೈಪಿಗೆ ಹದಿನೆಂಟು ಸಾವಿರ, ತಾರೀಖು, ಇದಕ್ಕೊಂದು ಸಹಿ ಹಾಕಿ ಒಳಗಿಡಿ ಅಂದದ್ದು, ನನ್ನ ಮಾತೇ ಚೀಟಿ ಕಣೇ, ಇದೇನು ಪೊಲೀಸ್ ಸ್ಟೇಷನ್ನಾ ಎಂದು ಹರಿದು ಅವಳ ಮುಖಕ್ಕೇ ಎಸೆದದ್ದು — ಅವತ್ತಿನಿಂದಲೇ ಅವಳು ಕೀಲಿಯನ್ನು ಕುತ್ತಿಗೆಗೆ ಹಾಕಿಕೊಂಡಳು, ಮಲಗುವಾಗಲೂ ತೆಗೆಯಲಿಲ್ಲ, ಏನೇ ದೊಡ್ಡ ಖಜಾಂಚಿ ಎಂದು ಅವನು ನಕ್ಕಿದ್ದ. ಪೈಪುಗಳು ಶೆಡ್ಡಿನಲ್ಲಿ ಟಾರ್ಪಾಲಿನಡಿ ಇವೆ, ತಾನೇ ಬಳಿದ ರೆಡಾಕ್ಸೈಡು, ಎರಡು ಕೈ, ಆಮೇಲೆ ಯಾರದೋ ಗೇಟಿನ ಕೆಲಸ ಬಂತು, ಪೈಪು ಮರೆತೇ ಹೋಯಿತು, ದುಡ್ಡೂ ಮರೆಯಿತು, ಕದ್ದವನಿಗಾದರೂ ನೆನಪಿರುತ್ತದೆ.

ಹೇಳಬೇಕಿತ್ತು, ಆಗಲೇ ಹೇಳಬೇಕಿತ್ತು, ಆದರೆ ಗಂಟಲಿನಿಂದ ಬಂದದ್ದು ಮತ್ತೂ ಬೈಗುಳವೇ, ಮೊದಲೇ ಬೊಗಳೋಕೇನಾಗಿತ್ತು ನಿಂಗೆ. ಅವಳು ಪಟ್ಟಿಯನ್ನು ತಲೆಯ ಮೇಲಿನಿಂದ ತೆಗೆದಳು, ಒಂದು ಕೂದಲು ಕೀಲಿಗೆ ಸಿಕ್ಕಿಕೊಂಡಿತ್ತು, ಬಿಡಿಸಲಿಲ್ಲ, ಎಳೆದಳು, ಗಾಜಿನ ಚೂರುಗಳ ಮಧ್ಯೆ ಇಟ್ಟಳು, ಅಂಚೆಯಮ್ಮಾ, ನನ್ನ ಕೀಲಿ ಒಪ್ಪಿಸಿದೆ ಅಂತ ಬರ್ಕೊಳ್ಳಿ, ಎಂದಳು, ಬಾಗಿಲು ದಾಟಿದಳು. ಮುಖ ತೊಳೆಯಲು ನಲ್ಲಿಗೆ ಹೋದಳು ಎಂದುಕೊಂಡ, ನೀರು ಬಿಟ್ಟ ಸದ್ದು ಬರಲಿಲ್ಲ, ಗೇಟಿನ ಸದ್ದು ಬಂತು. ಮನೆಗೆ ಬಂದು ನೋಡಿದರೆ ಹೊಲಿಗೆ ಮಿಷನ್ ಇದ್ದ ಜಾಗದಲ್ಲಿ ನೆಲದ ಮೇಲೆ ನಾಲ್ಕು ಕಾಲಿನ ಗುರುತು, ಅಮ್ಮ ಎಲ್ಲಿ ಎಂದು ಮಗಳು ಕೇಳಲೇ ಇಲ್ಲ, ಅವಳಿಗೆ ಗೊತ್ತಿದೆ, ಹೇಳುವುದಿಲ್ಲ, ತಟ್ಟೆಯನ್ನು ಅವನ ಮುಂದೆ ಕುಕ್ಕಿ ಹೋಗುತ್ತಾಳೆ. ಪೈಪುಗಳನ್ನು ಅಂಚೆಯಮ್ಮ ಬಂದು ಎಣಿಸಿಕೊಂಡಳು, ಕಿವಿಗೆ ಹೊಲಿಗೆ ಹಾಕಿಸಿಕೊಂಡ ಡ್ರೈವರನೇ ಗುಂಡಿ ತೋಡಿ ಕಂಬ ನೆಟ್ಟ, ಲೆಕ್ಕದ ಪುಸ್ತಕದಲ್ಲಿ ವೆಲ್ಡರನ ಸಹಿ ಬಿತ್ತು, ಅದರ ಪಕ್ಕದ ಸಹಿಯ ಜಾಗ ಖಾಲಿ, ಇನ್ನೊಬ್ಬರು ಬಂದು ಹಾಕ್ತಾರೆ ಬಿಡು ಎಂದಳು ಅಂಚೆಯಮ್ಮ, ಇನ್ನೊಬ್ಬರು ಯಾರು, ಅವಳು ಬರ್ತಾಳೆ, ಸಿಟ್ಟು ಇಳಿದ ಮೇಲೆ ಬರ್ತಾಳೆ, ಎರಡು ತಿಂಗಳಾಯಿತು, ಕಂಬದ ಬಣ್ಣ ಕೂಡ ಒಣಗಿ ಮಾಸಿತು, ಬೆಸುಗೆಯ ಕನ್ನಡಕದ ಕಪ್ಪು ಗಾಜಿನೊಳಗೂ ಅದೇ ಕಾಣುತ್ತದೆ, ಕಿಡಿ ಹಾರಿದಾಗೆಲ್ಲ ಅದೇ, ಮೇಜು, ಗಾಜಿನ ಚೂರು, ಹಳದಿ ಪಟ್ಟಿ, ಕೀಲಿ, ಅದಕ್ಕೆ ಸುತ್ತಿಕೊಂಡ ಒಂದು ಕೂದಲು — ಬೇರು ಸಹಿತ ಕಿತ್ತು ಬಂದದ್ದು.