ಎರಡರಿಂದ ನಾಲ್ಕರವರೆಗಿನ ಆಟ

ನಮ್ಮ ಕಟ್ಟಡದಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಯಾರೂ ಸದ್ದು ಮಾಡುವಂತಿಲ್ಲ. ಕೆಳಗೆ ಅಂಚೆ ಡಬ್ಬಿಗಳ ಮೇಲೆ ಹಾಗೆಂದು ಹಾಳೆ ಅಂಟಿಸಿದ್ದಾರೆ. ಆ ಹೊತ್ತಿನಲ್ಲಿ ಗೋಡೆ ಕೊರೆಯಬಾರದು, ಕಂಬಳಿ ಝಾಡಿಸಬಾರದು, ಮಕ್ಕಳು ಅಂಗಳದಲ್ಲಿ ಚೆಂಡು ಒದೆಯಬಾರದು. ನಮ್ಮ ವ್ರಾತ್ಸಾ ಊರಿನ ಹಳೆಯ ಕಟ್ಟಡಗಳಲ್ಲೆಲ್ಲ ಇದೇ ಪದ್ಧತಿ.

ನನ್ನ ತಮ್ಮ ಸ್ವಿಲೆನ್ ಆ ಎರಡು ಗಂಟೆಯಲ್ಲೇ ಆಟ ಆಡಬೇಕು ಎಂದು ಕಟ್ಟಳೆ ಮಾಡಿದವಳು ನಾನು. ಮುಂದೆ ಆದದ್ದಕ್ಕೆಲ್ಲ ಅದೇ ಕಾರಣವೋ ಏನೋ, ಎಷ್ಟು ಯೋಚಿಸಿದರೂ ನನಗೆ ಬಗೆಹರಿಯುವುದಿಲ್ಲ.

ಅದು ಇಂಟರ್ನೆಟ್ಟಿನಲ್ಲಿ ನಾಲ್ಕಾರು ಜನ ಸೇರಿ ಆಡುವ ಕಾಳಗದ ಆಟ. ನಮ್ಮದೊಂದು ಪಾತ್ರ ಮಾಡಿಕೊಂಡು ಹೆಸರಿಡಬೇಕು. ಪಿಶಾಚಿಗಳನ್ನು ಕೊಂದು ಕೊಂದು ಆ ಪಾತ್ರವನ್ನು ಬೆಳೆಸಬೇಕು. ಹೆಚ್ಚಿನವರು ಸತ್ತರೂ ಮತ್ತೆ ಏಳುವ ಬಗೆಯಲ್ಲಿ ಆಡುತ್ತಾರೆ. ಸ್ವಿಲೆನ್ ಆಡುವುದು ಒಂದೇ ಜೀವದ ಬಗೆಯಲ್ಲಿ. ಅಲ್ಲಿ ಸತ್ತರೆ ಐದು ತಿಂಗಳ ದುಡಿಮೆ ಒಂದು ಕ್ಷಣದಲ್ಲಿ ಬೂದಿ. "ಅಕ್ಕ, ಸಾಯೋ ಭಯಾನೇ ಇಲ್ಲ ಅಂದ್ರೆ ಅದೇನ್ ಆಟ? ಸ್ವೆಟರ್ ಹೆಣೆದ ಹಾಗೆ," ಎನ್ನುತ್ತಿದ್ದ.

ಅವನು ಏಳು ವರ್ಷ ಜರ್ಮನಿಯ ಒಂದು ಮಾಂಸದ ಕಾರ್ಖಾನೆಯಲ್ಲಿದ್ದ. ಬೆನ್ನು ಹಾಳಾಗಿ, ಕಳೆದ ವರ್ಷ ವಾಪಸು ಬಂದ. ಈ ಮಾರ್ಚ್‌ನಲ್ಲಿ ಅವನ ಪಾತ್ರವೊಂದು ಸತ್ತಾಗ ಕಿರುಚಿ, ಕುರ್ಚಿಯನ್ನು ಗೋಡೆಗೆ ಅಪ್ಪಳಿಸಿದ. ಕೆಳಮನೆಯ ಗೆಂಚೊ ಮೆಟ್ಟಿಲು ಹತ್ತಿ ಬಂದು ಬೆಲ್ ಒತ್ತಿದರು. ಅರವತ್ತಾರು ವರ್ಷದ ಮನುಷ್ಯ. ಸ್ವಿಲೆನ್ ಬಾಗಿಲು ತೆಗೆದ, ಒಂದು ಮಾತೂ ಆಡದೆ ಅವರ ಎದೆಗೆ ಕೈಯಿಟ್ಟು ನೂಕಿದ. ಗೆಂಚೊ ಒಂಬತ್ತು ಮೆಟ್ಟಿಲು ಉರುಳಿದರು. ಭುಜದ ಮೂಳೆ ಮುರಿಯಿತು.

ನ್ಯಾಯಾಲಯ ಹತ್ತು ತಿಂಗಳ ಸಜೆ ಹಾಕಿ, ಅದನ್ನು ಮೂರು ವರ್ಷ ತಡೆಹಿಡಿಯಿತು. ಆ ಮೂರು ವರ್ಷದೊಳಗೆ ಇನ್ನೊಬ್ಬರ ಮೇಲೆ ಕೈ ಮಾಡಿದರೆ ಈ ಹತ್ತು ತಿಂಗಳೂ ಒಳಗೆ, ಹೊಸದೂ ಅದರ ಜೊತೆಗೆ. ತೀರ್ಪು ಓದುವಾಗ ಸ್ವಿಲೆನ್ ತನ್ನ ಕೈಗಳನ್ನೇ ನೋಡುತ್ತಿದ್ದ, ಅವು ಬೇರೆ ಯಾರದೋ ಎನ್ನುವ ಹಾಗೆ.

"ಆಟ ಬಿಡ್ಸಿಬಿಡು ನೆವೆನಾ," ಎಂದರು ಸ್ತೊಯ್ಕಾ ಚಿಕ್ಕಮ್ಮ. ಕಟ್ಟಡದ ಉಸ್ತುವಾರಿ ಅವರದೇ. "ಆ ಕಂಪ್ಯೂಟರ್ ಪೆಟ್ಟಿಗೆ ತಗೊಂಡು ಬಾಲ್ಕನಿಯಿಂದ ಎಸಿ."

"ಎಸೆದ್ರೆ ಅದರ ಹಿಂದೇನೇ ಅವನೂ ಹಾರ್ತಾನೆ ಚಿಕ್ಕಮ್ಮ."

"ಎರಡನೇ ಮಹಡಿ ತಾನೆ? ಕಾಲು ಮುರಿಯುತ್ತೆ, ಅಷ್ಟೇ. ಆರು ತಿಂಗಳು ನಮಗೆಲ್ಲ ನೆಮ್ಮದಿ."

ಬಿಡಿಸಿ ನೋಡಿದ್ದೆ. ಮೂರು ದಿನ ಅವನು ಅಡುಗೆಮನೆಯಲ್ಲಿ ಗೋಡೆ ನೋಡುತ್ತ ಕುಳಿತಿದ್ದ. ನಾಲ್ಕನೆಯ ದಿನ ಬೆಟ್ಟದ ಬಂಡೆಯ ಅಂಚಿನಲ್ಲಿ ಕೂತಿದ್ದಾನೆಂದು ಯಾರೋ ಫೋನ್ ಮಾಡಿದರು. ಪೆಟ್ಟಿಗೆಯನ್ನು ನಾನೇ ಮತ್ತೆ ಹೊರಗೆ ತೆಗೆದಿಟ್ಟೆ.

ಆಮೇಲೆ ನಾನೂ ಆಟ ಕಲಿತೆ. ಹೊಲಿಗೆ ಕಾರ್ಖಾನೆಯಲ್ಲಿ ತಪಾಸಣೆ ನನ್ನ ಕೆಲಸ. ಮೂವತ್ತು ದಾಟಿದ ಮೇಲೆ ಸಂಜೆ ಶಾಲೆಗೆ ಹೋದವಳು ನಾನು, ಬರೆದುಕೊಳ್ಳದೆ ನನ್ನ ತಲೆಗೆ ಏನೂ ಹತ್ತುವುದಿಲ್ಲ. ಯಾವ ಪಿಶಾಚಿ ಎಷ್ಟು ಹೆಜ್ಜೆ ಹಿಂದೆ ಸರಿದು ನುಗ್ಗುತ್ತದೆ, ಯಾವುದರ ವಿಷಕ್ಕೆ ಯಾವ ಔಷಧಿಯ ಸೀಸೆ, ಎಲ್ಲವನ್ನೂ ಬರೆದುಕೊಂಡೆ. ನನ್ನದು ಗುರಾಣಿ ಹಿಡಿಯುವ ಹೆಂಗಸಿನ ಪಾತ್ರ. ಸ್ವಿಲೆನ್‌ನದು ಗಾರ್ವನ್ ಎಂಬ ಕಪ್ಪಂಗಿಯ ಮಾಂತ್ರಿಕ. ಹೊಡೆಯುವುದರಲ್ಲಿ ಅವನಿಗೆ ಸಮನಿಲ್ಲ, ಆದರೆ ಒಂದು ಏಟು ಬಿದ್ದರೆ ಅರ್ಧ ಜೀವ ಹೋಗುತ್ತಿತ್ತು. ನಾನು ಮುಂದೆ ನಿಲ್ಲಬೇಕು, ಅವನು ಹಿಂದಿನಿಂದ ಬೆಂಕಿ ಎಸೆಯಬೇಕು. ಮೂರನೆಯವನು ಸಮುದ್ರದಂಚಿನ ಬುರ್ಗಾಸಿನ ಜಿವ್ಕೊ, ಮೀನಿನ ಲಾರಿ ಓಡಿಸುವವನು. ಅವನ ಮುಖ ನಾವು ನೋಡಿಲ್ಲ, ಕಿವಿಗೆ ದನಿ ಮಾತ್ರ ಬರುತ್ತಿತ್ತು.

ಸದ್ದು ಮಾಡಬಾರದ ಹೊತ್ತಿನಲ್ಲೇ ಆಡಿದರೆ ಸಿಟ್ಟು ಬಂದಾಗಲೂ ಬಾಯಿ ಬಿಗಿಹಿಡಿಯುವುದು ಅಭ್ಯಾಸವಾಗುತ್ತದೆ ಎಂದು ನನ್ನ ಲೆಕ್ಕ. ಸಿಟ್ಟು ಏರಿದರೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ನಲವತ್ತರವರೆಗೆ ಎಣಿಸಬೇಕು. ನ್ಯಾಯಾಲಯ ಗೊತ್ತು ಮಾಡಿದ ಮನೋವೈದ್ಯೆ ಹೇಳಿಕೊಟ್ಟದ್ದು ಅದು. ಐದು ತಿಂಗಳು ಎಲ್ಲ ಸರಿಯಾಗಿ ನಡೆಯಿತು. ಅಷ್ಟು ಸರಿಯಾಗಿ ನಡೆಯುತ್ತಿದ್ದದ್ದೇ ನನಗೆ ಹೆದರಿಕೆ ತರುತ್ತಿತ್ತು.

ಭಾನುವಾರ ನನಗೆ ರಜೆ. ಊಟದ ಮೇಜಿನ ಆ ಕಡೆ ತನ್ನ ಕಂಪ್ಯೂಟರಿನ ಮುಂದೆ ಅವನು, ಈ ಕಡೆ ನನ್ನದರ ಮುಂದೆ ನಾನು. ನಮ್ಮ ಮೈಕು ಬಂದ್. ಕೀಲಿಗಳ ಮೇಲಿನ ಬೆರಳು ತೆಗೆದು ಬರೆಯುತ್ತ ಕೂತರೆ ಅಷ್ಟರಲ್ಲಿ ಸತ್ತಿರುತ್ತೇವೆ. ಹಾಗಾಗಿ ತೆರೆಯ ಮೇಲಿಂದ ಕಣ್ಣು ಎತ್ತಿ, ತಲೆ ಆಡಿಸಿ ಮಾತಾಡಿಕೊಳ್ಳುತ್ತಿದ್ದೆವು.

ತೊಡಕು ಇದ್ದದ್ದು ಅಲ್ಲೇ. ನಮ್ಮ ದೇಶದವರು ಹೌದು ಎನ್ನಲು ತಲೆಯನ್ನು ಅತ್ತಿತ್ತ ಆಡಿಸುತ್ತಾರೆ, ಇಲ್ಲ ಎನ್ನಲು ಗದ್ದ ಮೇಲೆತ್ತುತ್ತಾರೆ. ಜರ್ಮನಿಯಲ್ಲಿ ಇದು ತಿರುಗುಮುರುಗು. ಅತ್ತಿತ್ತ ಆಡಿಸಿದರೆ ಇಲ್ಲ, ಮೇಲೆ ಕೆಳಗೆ ಆಡಿಸಿದರೆ ಹೌದು. ಸ್ವಿಲೆನ್‌ನ ಕುತ್ತಿಗೆಗೆ ಆ ದೇಶದ ಚಾಳಿ ಅಂಟಿತ್ತು. ಬ್ರೆಡ್ಡಿನ ಅಂಗಡಿಯ ಹುಡುಗಿ ಚೀಸ್ ಕಡುಬಿನ ತಟ್ಟೆ ಮುಂದಿಟ್ಟು "ಬಾನಿತ್ಸಾ ಬೇಕಾ?" ಎಂದು ಕೇಳುವುದು, ಇವನು ಬೇಕೆಂದು ತಲೆ ಮೇಲೆ ಕೆಳಗೆ ಆಡಿಸುವುದು, ಅವಳು ತಟ್ಟೆ ಹಿಂದಕ್ಕೆ ಎಳೆದುಕೊಳ್ಳುವುದು. ಇವನು ಹಸಿದುಕೊಂಡು ಮನೆಗೆ ಬಂದದ್ದೂ ಉಂಟು. ಹಾಗಾಗಿ ಆಟದ ಹೊತ್ತಿಗೆ ನಾನೇ ಅವನ ರೀತಿಗೆ ಒಗ್ಗಿಕೊಂಡೆ. ಅವನ ಮುಂದೆ ಮಾತ್ರ ಜರ್ಮನ್ನರ ಹಾಗೆ ತಲೆ ಆಡಿಸುತ್ತಿದ್ದೆ.

ನವೆಂಬರಿನ ಒಂದು ಭಾನುವಾರ. ಒಲೆಯ ಮೇಲೆ ಹುರುಳಿಕಾಯಿ ಬೀಜದ ಸಾರು ಕುದಿಯುತ್ತಿತ್ತು. ಮೂರು ಗಂಟೆಗೆ ಹತ್ತು ನಿಮಿಷ ಇದ್ದಾಗ ನಾವು ಬೂದಿರಾಣಿ ಎಂಬ ದೊಡ್ಡ ಪಿಶಾಚಿಯ ಬಾಗಿಲು ತಲುಪಿದೆವು. ಗಾರ್ವನ್ ಅಷ್ಟು ದೂರ ಬಂದದ್ದು ಅದೇ ಮೊದಲು. ಆ ಬಾಗಿಲು ದಾಟಿದರೆ ಒಳಗೆ ಹೋದವರ ಹಿಂದೆ ಅದು ಮುಚ್ಚಿಕೊಳ್ಳುತ್ತದೆ, ಹೊರಗೆ ಉಳಿದವರಿಗೆ ಒಳಗೆ ಹೋಗಲಾಗುವುದಿಲ್ಲ.

"ಏನ್ರಪ್ಪಾ, ಇಬ್ರೂ ಮೌನವ್ರತ ಹಿಡಿದ ಸನ್ಯಾಸಿಗಳ ಥರ," ಎಂದ ಜಿವ್ಕೊ ಕಿವಿಯಲ್ಲಿ. "ರಾಣಿ ಮನೆ ಮುಂದೆ ಭಿಕ್ಷೆಗೆ ನಿಂತಿದೀವಾ? ಒಳಗೆ ನುಗ್ಗೋಣ. ನನ್ನ ಹೆಂಡ್ತಿ ಬರೋದ್ರೊಳಗೆ ಮುಗಿಸ್ಬೇಕು. ಆ ರಾಣಿಗಿಂತ ಈ ರಾಣಿ ಏಟು ಜಾಸ್ತಿ."

ನನ್ನ ತೆರೆಯ ಮೂಲೆಯಲ್ಲಿ ಇಂಟರ್ನೆಟ್ಟಿನ ಗುರುತು ಕೆಂಪಗಾಯಿತು. ಒಂದು ಸಲ, ಮತ್ತೊಂದು ಸಲ. ಔಷಧಿಯ ಸೀಸೆಗಳಲ್ಲಿ ಉಳಿದದ್ದು ಒಂದೇ. ಸ್ವಿಲೆನ್ ತೆರೆಯ ಮೇಲಿಂದ ಇಣುಕಿ ಹುಬ್ಬು ಎತ್ತಿದ: ಹೋಗೋಣವಾ?

ಬೇಡ ಎನ್ನಬೇಕಿತ್ತು. ತಪ್ಪು ತಿಳಿಯದಿರಲಿ ಎಂದು ನಿಧಾನವಾಗಿ, ಚೆನ್ನಾಗಿ ಕಾಣುವ ಹಾಗೆ, ಅತ್ತಿತ್ತ ತಲೆ ಆಡಿಸಿದೆ.

ಅವನು ನಕ್ಕ. ಗಾರ್ವನ್ ಬಾಗಿಲು ದಾಟಿದ. ಜಿವ್ಕೊ ಅವನ ಹಿಂದೆ. ಬಾಗಿಲು ಮುಚ್ಚಿಕೊಂಡಿತು.

"ನೆವೆನಾ ಎಲ್ಲಿ? ಲೇ ಸ್ವಿಲೆನ್, ನಿನ್ನಕ್ಕ ಎಲ್ಲೋ? ಗುರಾಣಿ ಇಲ್ದೆ ನಾವಿಬ್ರೇನಾ? ಅಯ್ಯೋ, ಎಡಕ್ಕೆ, ಎಡಕ್ಕೆ ಹೋಗೋ! ನಾನು ಆಟದಿಂದ್ಲೇ ಹೊರಬಿದ್ದೆ ಕಣೋ, ಕ್ಷಮಿಸ್ಬಿಡು..." ದನಿ ಕಡಿಯಿತು.

ನಾನು ಮುಚ್ಚಿದ ಬಾಗಿಲನ್ನು ನೋಡುತ್ತ ಕುಳಿತೆ. ಒಳಗೆ ಏನಾಗುತ್ತಿದೆ ಎಂಬುದು ತಮ್ಮನ ಮುಖದ ಮೇಲೆ ಮಾತ್ರ ಕಾಣುತ್ತಿತ್ತು. ಅವನ ಕೆನ್ನೆಯ ಮೇಲೆ ಕೆಂಪು ಬೆಳಕು, ಕಿತ್ತಳೆ ಬೆಳಕು, ಆಮೇಲೆ ಬೂದು ಬಣ್ಣ. ಆ ಬೂದು ಬಣ್ಣ ಬದಲಾಗಲಿಲ್ಲ.

ಅವನು ಕಿರುಚಲಿಲ್ಲ. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡ. ತುಟಿ ಅಲುಗುತ್ತಿತ್ತು, ಎಣಿಸುತ್ತಿದ್ದ. ಅವನ ಜೊತೆ ನಾನೂ ಎಣಿಸಿದೆ. ನಲವತ್ತಾಯಿತು. ಅವನ ತುಟಿ ನಿಲ್ಲಲಿಲ್ಲ. ನೂರು ದಾಟಿದ ಮೇಲೆ ನಾನು ಬಿಟ್ಟುಬಿಟ್ಟೆ. ಸಾರು ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಏಳಲು ನನಗೆ ಧೈರ್ಯವಾಗಲಿಲ್ಲ.

"ನೀನು ಏನ್ ಹೇಳ್ದೆ?" ಎಂದ ಕೊನೆಗೆ, ಪಿಸುದನಿಯಲ್ಲಿ.

"ಬೇಡ ಅಂದೆ. ನಿನ್ನ ಥರಾನೇ ಹೇಳ್ದೆ. ಜರ್ಮನಿ ಥರ."

"ನನ್ನ ಥರ?" ಎಂದ ಸ್ವಿಲೆನ್. "ಶುಕ್ರವಾರ ಬ್ರೆಡ್ ಅಂಗಡಿ ಹುಡುಗಿ ಎಲ್ಲರೆದುರು ನಕ್ಕಳು. ಸಾಕು, ನಾನು ಇಲ್ಲಿಯವನು, ಇನ್ಮೇಲೆ ಇಲ್ಲಿಯವರ ಹಾಗೇ ಅಂತ ತೀರ್ಮಾನ ಮಾಡ್ದೆ. ಎರಡು ದಿನದಿಂದ ಕನ್ನಡಿ ಮುಂದೆ ನಿಂತು ಕತ್ತು ತಿದ್ಕೊಂಡಿದೀನಿ ಅಕ್ಕ."

"ನಂಗೆ ಹೇಳ್ಬಾರ್ದಿತ್ತಾ?"

"ನೀನು ನಿನ್ನ ದೇಶದ ಹಾಗೆ ತಲೆ ಆಡಿಸ್ಬಾರ್ದಿತ್ತಾ?"

ಅವನು ಸದ್ದಿಲ್ಲದೆ ನಗತೊಡಗಿದ. ಭುಜ ಕುಲುಕುತ್ತಿತ್ತು, ಕಣ್ಣಲ್ಲಿ ನೀರು ಬಂದಿತ್ತು, ದನಿ ಮಾತ್ರ ಇಲ್ಲ. ಅವನು ಕುರ್ಚಿ ಎಸೆದಿದ್ದರೂ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

"ತಪ್ಪು ನಂದೇ ಸ್ವಿಲೆನ್. ಬಾಯಿ ಬಿಟ್ಟು ಒಂದು ಮಾತು ಹೇಳ್ಬಹುದಿತ್ತು."

"ಹೌದು. ಹೇಳ್ಬಹುದಿತ್ತು."

ಕಣ್ಣು ಒರೆಸಿಕೊಂಡು ಕೀಲಿಗಳ ಮೇಲೆ ಕೈಯಿಟ್ಟ. ಹೊಸ ಪಾತ್ರ ಮಾಡುತ್ತಿದ್ದಾನೆ ಎಂದು ಗೊತ್ತಾಯಿತು. ಒಂದು ಕ್ಷಣ ಜೀವ ಹಗುರಾಯಿತು. ಆಯಿತು, ಮತ್ತೆ ಮೊದಲಿನಿಂದ ಶುರು ಮಾಡುತ್ತಾನೆ, ಮನೋವೈದ್ಯೆಗೆ ಹೇಳಲು ಒಂದು ಒಳ್ಳೆಯ ಸುದ್ದಿ ಎಂದುಕೊಂಡೆ. ಅವನು ತನ್ನ ತೆರೆಯನ್ನು ಮೇಜಿನ ಮೇಲೆ ಮೆಲ್ಲಗೆ, ಇಬ್ಬರಿಗೂ ಕಾಣುವಂತೆ, ನನ್ನ ಕಡೆಗೆ ಓರೆಯಾಗಿ ತಿರುಗಿಸಿದ.

ಕಂದು ಕೂದಲಿನ ಹೆಂಗಸು, ಬರಿಗಾಲು, ಕೈಯಲ್ಲಿ ಒಂದು ಕೋಲು. ತಲೆಯ ಮೇಲೆ ಹೆಸರು: ನೆವೆನಾ.

"ನನ್ನ ಹೆಸರು ಯಾಕೋ?"

"ಗಾರ್ವನ್ ಸತ್ತಾಗ ನಿಂಗೆ ಏನೂ ಅನ್ನಿಸ್ಲಿಲ್ಲ. ಸುಮ್ನೆ ಕೂತಿದ್ದೆ. ಇವಳಿಗಾದ್ರೂ ಬಾಯಿ ಬಿಡ್ತೀಯೇನೋ ನೋಡೋಣ."

ಆಟದ ಮೊದಲ ಹಾದಿ ಒಂದು ಕಾಡು. ಅವನು ಆ ಹೆಂಗಸನ್ನು ಕಾಡಿನ ನಡುವೆ ನಿಲ್ಲಿಸಿ ಕೀಲಿಗಳ ಮೇಲಿಂದ ಕೈ ತೆಗೆದ. ಪೊದೆಯಿಂದ ತೋಳವೊಂದು ಬಂತು. ಅದರ ಹಿಂದೆ ಮತ್ತೆರಡು. ಸ್ವಿಲೆನ್ ತೆರೆಯ ಕಡೆ ನೋಡುತ್ತಿರಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದ.

"ಸಾಕು, ನಿಲ್ಲಿಸು," ಎಂದು ಪಿಸುಗುಟ್ಟಿದೆ.

"ಕೇಳಿಸ್ತಿಲ್ಲ."

ಅದು ಚಿತ್ರ, ಬಣ್ಣ ತುಂಬಿದ ಚಿತ್ರ ಎಂದು ನನಗೆ ಗೊತ್ತಿಲ್ಲದೆ ಇರಲಿಲ್ಲ. ಮೊದಲ ತೋಳ ಕಾಲಿಗೆ ಬಾಯಿ ಹಾಕಿತು. ಹೆಸರಿನ ಕೆಳಗಿದ್ದ ಕೆಂಪು ಗೆರೆ ಅರ್ಧಕ್ಕೆ ಇಳಿಯಿತು. ಎರಡನೆಯದು ಬೆನ್ನಿಗೆ ಹಾರಿತು. ಗೆರೆ ಬೆರಳಿನಷ್ಟು ಉಳಿಯಿತು. ಮೂರನೆಯದು ಕುತ್ತಿಗೆಗೆ ಗುರಿಯಿಟ್ಟು ಹಿಂದೆ ಸರಿಯಿತು. ಅದು ಎರಡು ಹೆಜ್ಜೆ ಸರಿದು ನುಗ್ಗುತ್ತದೆಂದು ನನಗೆ ತಿಳಿದಿತ್ತು.

"ಬಿಡು! ಸಾಯಿಸ್ಬೇಡ ಸ್ವಿಲೆನ್, ಬಿಡೋ!"

ಅದು ನನ್ನ ದನಿಯೇ. ಕಿಟಕಿಯ ಗಾಜು ನಡುಗುವಷ್ಟು ಜೋರಾಗಿ, ಇಡೀ ಕಟ್ಟಡ ಉಸಿರಾಡದೆ ಮಲಗಿದ್ದ ಹೊತ್ತಿನಲ್ಲಿ. ಅಷ್ಟರಲ್ಲಿ ಅವನ ಬೆರಳುಗಳು ಕೀಲಿಗಳ ಮೇಲೆ ಎಲ್ಲಿಂದ ಬಂದವೋ, ಹೆಂಗಸು ಪಕ್ಕಕ್ಕೆ ಉರುಳಿ ಕೋಲು ಬೀಸಿದಳು. ಒಂದು ತೋಳ ಬಿತ್ತು. ಉಳಿದೆರಡು ಓಡಿದವು.

ಕೆಳಗಿನ ಮನೆಯಲ್ಲಿ ಕುರ್ಚಿ ಸರಿದ ಸದ್ದು. ಆಮೇಲೆ ಬಾಗಿಲು. ಆಮೇಲೆ ಮೆಟ್ಟಿಲ ಮೇಲೆ ಹೆಜ್ಜೆ, ಒಂದೊಂದೇ, ನಡುವೆ ಏದುಸಿರು. ಇನ್ನು ಜೀವಮಾನದಲ್ಲಿ ನಿಮ್ಮ ಮನೆಗೆ ಹತ್ತಿ ಬರುವುದಿಲ್ಲ, ಏನಿದ್ದರೂ ಪೊಲೀಸರಿಗೆ ಫೋನ್ ಮಾಡುತ್ತೇನೆ ಎಂದು ನ್ಯಾಯಾಲಯದ ಅಂಗಳದಲ್ಲಿ ಹೇಳಿದ್ದ ಮನುಷ್ಯ ಹತ್ತಿ ಬರುತ್ತಿದ್ದರು.

"ನೆವೆನಾ!" ಬಾಗಿಲಿಗೆ ಅಂಗೈಯಿಂದ ಬಡಿತ. "ಮಗಳೇ, ನಾನು ಗೆಂಚೊ. ಏನ್ ಮಾಡ್ತಿದಾನೆ ಅವನು ನಿಂಗೆ? ಬಾಗಿಲು ತೆಗಿಯಮ್ಮ! ಹೆದರ್ಬೇಡ, ನಾನಿದೀನಿ!"

ಸ್ವಿಲೆನ್ ತೆರೆಯ ಕಡೆ ಒಮ್ಮೆ ನೋಡಿದ. "ನೋಡು, ಬದುಕಿದೀಯ," ಎಂದು ಎದ್ದ.

ನಾನು ಮೇಜು ಸುತ್ತಿ ಹೋಗಿ ಅವನ ಅಂಗಿಯ ಬೆನ್ನು ಹಿಡಿದೆ. ಅವನು ತಿರುಗಲಿಲ್ಲ, ಕೊಸರಲೂ ಇಲ್ಲ. ನಡೆದ, ಅಷ್ಟೇ. ಮುಷ್ಟಿಯಲ್ಲಿ ಹೊಲಿಗೆ ಬಿಚ್ಚಿಕೊಂಡಿತು.

"ಏನೂ ಆಗಿಲ್ಲ ಗೆಂಚೊ ಮಾವ, ಕೆಳಗೆ ಹೋಗಿ, ಬೇಗ ಹೋಗಿ," ಎಂದೆ. ಎಷ್ಟು ಒತ್ತಿ ಹೇಳಿದರೂ ಗಂಟಲಿನಿಂದ ಪಿಸುಮಾತೇ ಬಂತು. ಬಾಗಿಲ ಆಚೆಗೆ ಕೇಳಿಸಿರಲಾರದು. ಅವರು ಇನ್ನೂ ಜೋರಾಗಿ ಬಡಿಯುತ್ತಿದ್ದರು, ಮೆಟ್ಟಿಲಿಗೆ ಬೆನ್ನು ಹಾಕಿಕೊಂಡು.

ಸ್ವಿಲೆನ್ ಬೀಗದ ಕೈ ತಿರುಗಿಸಿದ.