ಹುಚ್ಚವ್ವ ಕಡ ತಂದ ಕನ್ನಡಿ

ಹುಚ್ಚವ್ವನನ್ನು ಮಣ್ಣು ಮಾಡಲು ಬಂದಿದ್ದ ನೆಂಟರು ಹಿಂದಿನ ಸಂಜೆಯೇ ಚಕ್ಕಡಿ ಏರಿ ಹೋಗಿದ್ದರು. ಅಂದು ಬೆಳಿಗ್ಗೆ ತಿಳವಳ್ಳಿಯ ಅಡಿವೆವ್ವ ಎಂದಿನಂತೆ ಒಲೆ ಹಚ್ಚಿ ರೊಟ್ಟಿ ಬಡಿದಳು. ಅತ್ತೆ ಹುಚ್ಚವ್ವ ಕೂರುತ್ತಿದ್ದ ಮೂಲೆ ಖಾಲಿ ಇತ್ತು. ಐದು ವರ್ಷದ ಮಗಳು ಮಂಜವ್ವ ಏನೋ ಕೇಳಿದಳು. ಅಡಿವೆವ್ವನಿಗೆ ತಿಳಿಯಲಿಲ್ಲ. ಇನ್ನೊಮ್ಮೆ ಕೇಳಿ, ತಾಯಿಯ ಮುಖ ನೋಡಿ, ಮಗು ಪಕ್ಕದ ಮನೆಗೆ ನಡೆಯಿತು.

ಮಂಜವ್ವನ ಬಾಯಲ್ಲಿ ‘ಕ’ ಬರುತ್ತಿರಲಿಲ್ಲ. ಕೋಳಿಗೆ ‘ತೋಳಿ’ ಎನ್ನುತ್ತಿದ್ದಳು. ಓಣಿಯ ಮಕ್ಕಳು ಅಣಕಿಸಿದ ಮೇಲೆ ಮಾತೇ ಕಡಿಮೆಯಾಗಿತ್ತು. ಆಡಿದರೆ ತಾನು ಆಯಿ ಎನ್ನುತ್ತಿದ್ದ ಅಜ್ಜಿಯ ಹತ್ತಿರ, ಇಲ್ಲವೇ ಪಕ್ಕದ ಮನೆಯ ನರ್ಸಬಾಯಿ ಬಾನುಬಿಯ ಹತ್ತಿರ. ಹೆತ್ತವಳಿಗೆ ತಿಳಿಯದ್ದು ಅವರಿಬ್ಬರಿಗೆ ತಿಳಿಯುತ್ತಿತ್ತು. ಅದು ಅಡಿವೆವ್ವನ ಹೊಟ್ಟೆಯಲ್ಲಿ ಕೆಂಡವಾಗಿತ್ತು. ನಾಲಿಗೆಗೆ ಬಜೆ ತೇಯ್ದು ತಿಕ್ಕಿ ನೋಡಿದ್ದಳು. ಇನ್ನು ನಾಲಿಗೆಯ ಕೆಳಗಿನ ದಾರ ಕೊಯ್ಯಿಸಿದರೆ ಮಗಳ ಮಾತು ತನ್ನ ಕಡೆಗೆ ತಿರುಗೀತೆಂದು, ಅಂದು ಮಧ್ಯಾಹ್ನ ಬರಲು ಹಜಾಮನಿಗೆ ಹೇಳಿ ಕಳಿಸಿದ್ದಳು.

ಮಗಳನ್ನು ಕರೆಯಲು ಹೋದವಳು ಬಾಗಿಲಲ್ಲೇ ನಿಂತಳು. ಬಾನುಬಿಯ ತೊಡೆಯ ಮೇಲೆ ಕೂತ ಮಂಜವ್ವ, ತೊಳೆದ ಬೆರಳಿನಿಂದ ನಾಲಿಗೆಯ ತುದಿಯನ್ನು ಮೆಲ್ಲಗೆ ಒತ್ತಿಕೊಂಡು, “ಕ… ಕ…” ಎನ್ನುತ್ತಿದ್ದಳು.

“ನಿಮ್ಮ ಮುಂದ ಮಾತಾಡ್ತಾಳ, ನನ್ನ ಮುಂದ ಮೂಕಿ,” ಎಂದಳು ಅಡಿವೆವ್ವ. “ನೀವೂ ನಮ್ಮತ್ತಿನೂ ಕೂಡಿ ಏನ್ ಮಾಟ ಮಾಡೀರಿ?”

“ಮಾಟ ಅಲ್ಲವ್ವ, ರೂಢಿ,” ಎಂದು ಬಾನುಬಿ ನಕ್ಕಳು. “ನಿಮ್ಮತ್ತಿ ನನ್ನ ಕನ್ನಡಿ ಒಯ್ದು ಎರಡು ತಿಂಗಳಾತು. ನೀ ಹೊಲಕ್ಕ ಹೋದ ಮ್ಯಾಲ ಹಿತ್ತಲದಾಗ ಕುಂದ್ರಿಸಿ ಕಲಿಸ್ತಿದ್ರು. ಹೆತ್ತಾಕಿ ಕಣ್ಣು ಬಿದ್ರ ಬಂದ ಮಾತೂ ಹೋಗ್ತೈತಿ ಅಂತ ನಿನಗ ಮುಚ್ಚಿಟ್ರು. ತಾಯಿನ ಕಲಿಸ್ಲಿ ಅಂದೆ; ಕೇಳಲಿಲ್ಲ.”

ಅಡಿವೆವ್ವ ಹಜಾಮನ ಸುದ್ದಿ ಹೇಳಿದಳು. ಬಾನುಬಿಯ ನಗೆ ನಿಂತಿತು. ಹುಚ್ಚವ್ವನೊಡನೆ ತಾನೇ ಮಗುವನ್ನು ಹಾನಗಲ್ಲಿನ ಡಾಕ್ಟರಿಗೆ ತೋರಿಸಿದ್ದಾಗಿ ಹೇಳಿದಳು. ಕಿವಿ ಸೋರಿ ಕೇಳಿಸದಿದ್ದರೆ, ಅಂಗುಳ ಸೀಳಿದ್ದರೆ, ಕೆಲವರಿಗೆ ದಾರ ಬಿಗಿದಿದ್ದರೆ ಮಾತು ತೊಡರಬಹುದು. ಮಂಜವ್ವನಿಗೆ ಅವೇನೂ ಇಲ್ಲ, ನಾಲಿಗೆಯನ್ನು ಹಿಂದೆ ಎತ್ತುವ ಬದಲು ಮುಂದೆ ತಾಗಿಸುವ ರೂಢಿಯಾಗಿದೆ ಎಂದು ಡಾಕ್ಟರು ಹೇಳಿದ್ದರಂತೆ.

“ಅಲ್ಲಿ ಕೊಯ್ಯೋದು ಏನೂ ಇಲ್ಲ. ರಕ್ತ ಹರದೀತು, ನಂಜಾದೀತು. ಆಮ್ಯಾಲ ಈ ಕೂಸು ನಿನ್ನ ಮುಂದ ಬಾಯಿ ತೆಗೀತೈತೇನು?”

ಆ ಮಾತು ತಾಗಿತು. ಅಡಿವೆವ್ವ ಹಜಾಮನನ್ನು ಅಂಗಳದಿಂದಲೇ ತಿರುಗಿ ಕಳಿಸಿದಳು. ಅತ್ತೆಯ ಗಂಟು ಬಿಚ್ಚಿದಾಗ ಸೀರೆಯ ಮಡಿಕೆಯಲ್ಲಿ ಕನ್ನಡಿ ಸಿಕ್ಕಿತು. ಎರಡು ತಿಂಗಳು ಮಗಳ ಮುಖವನ್ನು ಇದರಲ್ಲಿ ಅತ್ತೆ ನೋಡಿದ್ದಳು. ಸತ್ತವಳ ಮೇಲೂ ಹೊಟ್ಟೆ ಉರಿಯಿತು.

ಅಂದಿನಿಂದ ತಾನೇ ಕನ್ನಡಿ ಹಿಡಿದು ಕೂತಳು. ದಿನಕ್ಕೆ ಎರಡು ಸಲ, ಸ್ವಲ್ಪವೇ ಹೊತ್ತು. ಮಗು ತಪ್ಪಿದರೆ ಬೈಯಲಿಲ್ಲ. ಸರಿಯಾದ ಮಾತನ್ನು ತಾನೊಮ್ಮೆ ಹೇಳಿ ಕಾದಳು. ಮೊದಲು ‘ಕ’, ಆಮೇಲೆ ‘ಕಾ’, ‘ಕೋ’. ಸುಗ್ಗಿಯ ಹೊತ್ತಿಗೆ ಒಂದು ದಿನ ಮಂಜವ್ವ ಪಡಸಾಲೆಯಿಂದ ಕೂಗಿದಳು: “ಅವ್ವಾ, ಕೋಳಿ ಒಳಗ ಬಂತು.”

ತಾಯಂದಿರೇ, ಕೂಸಿಗೆ ಐದು ತುಂಬಿದರೂ ಮಾತು ಸರಿಯಾಗದಿದ್ದರೆ ಬಜೆ ತಿಕ್ಕುತ್ತ ಕೂಡಬೇಡಿರಿ, ಕತ್ತಿಗೆ ಕೊಡಬೇಡಿರಿ. ಮೊದಲು ದವಾಖಾನೆಯಲ್ಲಿ ಕಿವಿ, ಬಾಯಿ ತೋರಿಸಿರಿ. ಆಮೇಲೆ ಅವರು ಹೇಳಿದಂತೆ ನೀವೇ ಎದುರು ಕೂತು ಕಲಿಸಿರಿ. ಹೆತ್ತವಳ ಕಣ್ಣಿನಲ್ಲಿ ವಿಷವಿಲ್ಲ.

ಮಂಜವ್ವ ಕೋಳಿ ಎಂದ ಮರುದಿನ ಅಡಿವೆವ್ವ ಕನ್ನಡಿಯನ್ನು ಸೆರಗಿನಿಂದ ಒರೆಸಿಕೊಂಡು ಬಾನುಬಿಯ ಮನೆಗೆ ಹೋದಳು. ಮಂಜವ್ವ ಮುಂದೆ ಓಡಿ ಬಾನುಬಿಯ ತೊಡೆ ಏರಿದಳು. ಅಡಿವೆವ್ವನಿಗೆ ಮೊದಲಿನ ಹಾಗೆಯೇ ಚುರುಕ್ಕೆಂದಿತು.

“ಯಾರು ಕಲಿಸಿದ್ರವ್ವ ನಿನಗ?” ಎಂದು ಬಾನುಬಿ ಕೇಳಿದಳು.

“ಆಯಿ ಕಲಿಸಿದ್ಲು,” ಎಂದಳು ಮಂಜವ್ವ. ತಾಯಿಯ ಕಡೆ ನೋಡಿದಳು. “ಅವ್ವನೂ ಕಲಿಸಿದ್ಲು.”

ಅಡಿವೆವ್ವ ಕನ್ನಡಿಯನ್ನು ಬಾನುಬಿಯ ಕೈಗಿಟ್ಟಳು.