ಮಿಸುಕುವ ಕೋಶ

ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದರೆ ಗೋಡೆಯ ಮೇಲೂ ಹೃದಯದ ಜೀವಕೋಶಗಳೇ ತೇಲುತ್ತಿದ್ದವು. ಕೂತು ಕೂತು ಅವಳ ಸೊಂಟ ಮರಗಟ್ಟಿತ್ತು. ಕೂದಲೆಳೆಗಿಂತ ಸಣ್ಣ ತುದಿಯ ಗಾಜಿನ ಸೂಜಿಯನ್ನು ಕೋಶಕ್ಕೆ ಅಂಟಿಸಿ, ಅದರ ವಿದ್ಯುತ್ತನ್ನು ಅಳೆಯುವುದು ಅವಳ ಸಂಶೋಧನೆ. ಒಳಗೆ ಕ್ಯಾಲ್ಸಿಯಂ ಏರಿದಾಗ ಮಾತ್ರ ಹರಿಯುವ ಪ್ರವಾಹವೊಂದು ಇವುಗಳಲ್ಲಿದೆ ಎಂಬುದು ಅವಳ ಹಟ. ಅದನ್ನು ತೋರಿಸಬೇಕಾದ ಪರದೆಯ ಗೆರೆ ಮಾತ್ರ ತಿಂಗಳುಗಳಿಂದ ಮಲಗಿದ್ದು ಎದ್ದಿರಲಿಲ್ಲ.

"ಸಂಜೆಯೊಳಗೆ ತೋರ್ಸಮ್ಮ, ಇಲ್ಲಾಂದ್ರೆ ನಾಳೆಯಿಂದ ಬೇರೆ ವಿಷಯ ತಗೋ," ಎಂದಿದ್ದರು ಗೈಡ್ ಬೆಳಿಗ್ಗೆ. ಗದರಿರಲಿಲ್ಲ, ಅವರಿಗೂ ಸಾಕಾಗಿತ್ತು.

ಪಕ್ಕದ ಮೇಜಿನ ಹಿರಿಯ ಸಂಶೋಧಕಿ, ಲ್ಯಾಬಿಗೆಲ್ಲ ಅಕ್ಕ, ಆಕಳಿಸಿದಳು. "ಗೊಡ್ಡೆಮ್ಮೆ ಕೆಳಗೆ ಚೆಂಬು ಹಿಡ್ಕೊಂಡು ಕೂತ ಹಾಗಾಯ್ತು ಕಣೇ ನಿನ್ನ ಪಾಡು."

ಅವಳು ಮತ್ತೆ ಸೂಕ್ಷ್ಮದರ್ಶಕಕ್ಕೆ ಬಗ್ಗಿದಳು. ಬಟ್ಟಲಿನ ಉಳಿದ ಕೋಶಗಳು ರೆಪ್ಪೆ ಅದುರಿದಂತೆ ಮಿಸುಕುತ್ತಿದ್ದವು. ಸೂಜಿ ಅಂಟಿದ ಕೋಶವೊಂದೇ ಕೊರಡಿನಂತೆ ಬಿದ್ದಿತ್ತು. ಅಂಟಿಸುವ ಮೊದಲು ಅದೂ ಮಿಸುಕುತ್ತಿತ್ತಲ್ಲ?

"ಅಕ್ಕಾ, ಸೂಜಿಗೆ ತುಂಬೋ ದ್ರಾವಣಕ್ಕೆ ಕ್ಯಾಲ್ಸಿಯಂ ಹೀರ್ಕೊಳ್ಳೋ ಪುಡಿ ಎಷ್ಟು ಹಾಕ್ತೀಯ?"

"ಧಾರಾಳವಾಗಿ. ಇಲ್ಲಾಂದ್ರೆ ಕೋಶ ಕುಣಿದು ಸೂಜಿ ಕಿತ್ಕೊಳ್ಳುತ್ತೆ. ಮೊದಲಿಂದ್ಲೂ ಹಾಗೇ..." ಅಕ್ಕನ ಮಾತು ಅರ್ಧಕ್ಕೆ ನಿಂತಿತು. ದ್ರಾವಣ ಸೂಜಿಯಿಂದ ಕೋಶದೊಳಕ್ಕೆ ಇಳಿಯುತ್ತದೆ. ಇಳಿದು, ಇದ್ದಬದ್ದ ಕ್ಯಾಲ್ಸಿಯಮ್ಮನ್ನೆಲ್ಲ ನೆಕ್ಕಿಬಿಡುತ್ತದೆ. ಕೋಶ ಮಿಸುಕುವುದಕ್ಕೂ ಅವಳ ಪ್ರವಾಹ ಹರಿಯುವುದಕ್ಕೂ ಬೇಕಾದದ್ದು ಅದೇ.

"ಕೂಸು ಅಳಬಾರ್ದು ಅಂತ ಬಾಯಿಗೆ ಬಟ್ಟೆ ತುರುಕಿ, ಇದ್ಯಾಕೆ ಮಾತೇ ಆಡಲ್ಲ ಅಂದ ಹಾಗಾಯ್ತಲ್ಲೇ," ಎಂದಳು ಅಕ್ಕ, ನಿಧಾನವಾಗಿ.

ಪುಡಿಯನ್ನು ಚಿಟಿಕೆಗಿಳಿಸಿ ಹೊಸ ದ್ರಾವಣ ಮಾಡಿದ್ದಾಯಿತು. ಸಂಜೆಗೆ ಬದುಕುಳಿದ ಕೋಶಗಳು ಬೆರಳೆಣಿಕೆಯಷ್ಟು. ಮೊದಲನೆಯದು ಕೊಸರಿ ಸೂಜಿ ಬಿಡಿಸಿಕೊಂಡಿತು. ಮುಂದಿನದೂ ಅಷ್ಟೆ. ಮತ್ತೊಂದು ಅಂಟಿತು. ಕೋಶ ಮಿಸುಕಿದಾಗಲೆಲ್ಲ ಪರದೆಯ ಗೆರೆ ಸಣ್ಣ ಗುಡ್ಡೆಯಾಗಿ ಎದ್ದು ಇಳಿಯಿತು. ಅವಳು ಗೆರೆಗಳನ್ನು ಕಂಪ್ಯೂಟರಿನಲ್ಲಿ ಉಳಿಸಿದಳು. ಸ್ವಲ್ಪ ಹೊತ್ತಿಗೇ ಕೋಶ ಜಗ್ಗಿ ಹರಿದುಹೋಯಿತು.

ಗೈಡ್ ಬಂದು ಉಳಿಸಿಟ್ಟ ಗೆರೆಗಳನ್ನು ನೋಡಿದರು. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ಒಂದೇ ಕೋಶ."

"ಹೂಂ ಸರ್."

"ಒಂದನ್ನ ಯಾರೂ ನಂಬಲ್ಲ." ಬಾಗಿಲವರೆಗೆ ಹೋಗಿ ತಿರುಗಿದರು. "ನಾಳೆನೂ ಇದನ್ನೇ ಮಾಡು."

ಹಿಗ್ಗುವುದಕ್ಕೂ ಅವಳಲ್ಲಿ ತ್ರಾಣವಿರಲಿಲ್ಲ. ಅಕ್ಕ ಹಳೆಯ ದ್ರಾವಣವನ್ನು ಸಿಂಕಿಗೆ ಸುರಿದಳು. "ಇನ್ನು ಕುಣಿಯೋವ್ರ ಜೊತೆನೇ ಏಗು ತಾಯೀ."

ಬಟ್ಟಲು ತೊಳೆಯಲೆಂದು ಎದ್ದವಳು ಕೊನೆಗೊಮ್ಮೆ ಸೂಕ್ಷ್ಮದರ್ಶಕದಲ್ಲಿ ಇಣುಕಿದಳು. ತಳದಲ್ಲಿ ಒಂದೆರಡು ಕೋಶಗಳು ಇನ್ನೂ ಮಿಸುಕುತ್ತಿದ್ದವು. ಅವು ತಾವಾಗಿ ನಿಲ್ಲಲಿ ಎಂದು ಮತ್ತೆ ಕುಳಿತಳು.